ಕಾದಂಬರಿಯ ಹುಡುಗಿಗೆ ಕಾಪುವಿನಿಂದ ಬಂದ ಸಂಬಂಧ

ಮಾನ್ಯ ಓದುಗರೇ,

ಕಾಗುಣಿತದ ತಪ್ಪುಗಳನ್ನೂ ಕೈಬರಹದ ದೋಷವನ್ನೂ ಮನ್ನಿಸಬೇಕಾಗಿ ಮೊದಲಾಗಿ ಕೋರುತ್ತೇನೆ. ದೋಷಕ್ಕೆ ಕಾರಣ ವಯಸ್ಸಲ್ಲ. ಒಬ್ಬ ಹುಡುಗಿಯ ಮದುವೆ ನಿಶ್ಚಯವಾಗಿದೆ. ಅವಳು ಸತ್ತು ಇನ್ನೂರು ವರ್ಷಗಳಾಗಿವೆ. ಅವಳನ್ನು ಕೊಂದವಳು ನಾನು. ಮತ್ತು ಅವಳು ಹುಟ್ಟಿಯೇ ಇರಲಿಲ್ಲ.

ಸದರಿ ವಿಷಯವನ್ನು ಕ್ರಮವಾಗಿ ನಿವೇದಿಸಿಕೊಳ್ಳುತ್ತೇನೆ.

ನನ್ನ ಹೆಸರಿಗಿಂತ ನನ್ನ ಮೊಹರು ನಿಮ್ಮಲ್ಲಿ ಹಲವರಿಗೆ ಪರಿಚಿತ. ಕಾರ್ಕಳದ ಸರಕಾರಿ ಕಚೇರಿಯೊಂದರ ಟಪಾಲು ವಿಭಾಗದಲ್ಲಿ ಮೂವತ್ತೊಂದು ವರ್ಷ ಕುಳಿತಿದ್ದೆ. ನೀವು ತಂದ ಅರ್ಜಿಯ ಮೂಲೆಗೆ ‘ಸ್ವೀಕರಿಸಲಾಗಿದೆ’ ಎಂದು ಒತ್ತಿದವಳು ನಾನೇ. (ಆಮೇಲೆ ಆ ಅರ್ಜಿಗೆ ಏನಾಯಿತೆಂದು ದಯವಿಟ್ಟು ನನ್ನನ್ನು ಕೇಳಬೇಡಿ.) ನಿವೃತ್ತಿಯ ನಂತರ ನನ್ನದೊಂದು ಐತಿಹಾಸಿಕ ಕಾದಂಬರಿ ಪ್ರಕಟವಾಯಿತು. ಅದನ್ನು ಓದಿದ ಸಂಪಾದಕರು ವಾರಕ್ಕೊಂದು ಅಂಕಣ ಬರೆಯಿರಿ ಎಂದರು. ಇದು ಮೊದಲನೆಯದು. ಮೊದಲ ವಾರವೇ ಇಂಥದ್ದನ್ನು ನಿಮ್ಮ ಮುಂದಿಡುತ್ತಿರುವುದಕ್ಕೆ ವಿಷಾದಿಸುತ್ತೇನೆ.

ಸರಕಾರಿ ಪತ್ರಕ್ಕೆ ಒಂದು ನಿಯಮವುಂಟು. ‘ವಿಷಯ’ದ ಕೆಳಗೆ ‘ಉಲ್ಲೇಖ’ ಇರಬೇಕು. ಯಾವ ಕಾಗದವನ್ನು ನಂಬಿ ಈ ಕಾಗದವನ್ನು ಬರೆಯುತ್ತಿದ್ದೇವೆ ಎಂಬುದು ಅಲ್ಲಿ ಬರಬೇಕು. ಕಾದಂಬರಿಯಲ್ಲೂ ನಾನು ಅದನ್ನೇ ಪಾಲಿಸಿದೆ. ಸುಂಕದ ಕಟ್ಟೆ ಎಲ್ಲಿತ್ತು? ದೋಣಿಗೆ ಯಾವ ಮರ? ಉಪ್ಪನ್ನು ಯಾವುದರಲ್ಲಿ ಅಳೆಯುತ್ತಿದ್ದರು? ಎಲ್ಲದಕ್ಕೂ ನನ್ನ ನೋಟ್‌ಬುಕ್ಕಿನಲ್ಲಿ ಉಲ್ಲೇಖವಿದೆ.

ಅಕ್ಕುವಿಗೆ ಮಾತ್ರ ಇಲ್ಲ.

ಅಕ್ಕು ಎಂದರೆ ಕಾದಂಬರಿಯಲ್ಲಿ ಬರುವ ಹತ್ತೊಂಬತ್ತರ ಹುಡುಗಿ. ಕಾಪುವಿನ ಕಡಲ ಕರೆಯವಳು, ಅಂದರೆ ತೀರದ ಮೀನುಗಾರರ ಪೈಕಿ. ಒಣಮೀನಿನ ಬುಟ್ಟಿ ಹೊತ್ತು ಕಾರ್ಕಳದ ಸಂತೆಗೆ ನಡೆದು ಹೋಗುತ್ತಾಳೆ. ಹಿಂದೆ ಬರುವಾಗ ತುಂಬಿದ ಹೊಳೆಯಲ್ಲಿ ಮುಳುಗುತ್ತಾಳೆ. ಮದುವೆಯಾಗಿರುವುದಿಲ್ಲ. ಏಕೆ ಆಗಿರಲಿಲ್ಲ? ಮಾಡಿಸಿದ್ದರೆ ಎರಡು ಅಧ್ಯಾಯ ಹೆಚ್ಚಾಗುತ್ತಿತ್ತು, ಅಷ್ಟೇ. ಸೇವೆಯಲ್ಲಿದ್ದಾಗಲೇ, ಒಂದು ಮಧ್ಯಾಹ್ನ, ಊಟದ ಡಬ್ಬಿ ತೊಳೆದಿಟ್ಟು, ಕಚೇರಿಯ ಮೇಜಿನ ಮೇಲೆಯೇ ನಾಲ್ಕು ಸಾಲಿನಲ್ಲಿ ಅವಳನ್ನು ಮುಳುಗಿಸಿದೆ. ಸಂಜೆಯ ಬಸ್ಸಿನಲ್ಲಿ ಉಡುಪಿಗೆ ಬಂದೆ. ಬಸ್ಸು ಹೊಳೆಯ ಸೇತುವೆ ದಾಟುವಾಗ ನಾನು ನೆಲಗಡಲೆ ತಿನ್ನುತ್ತಿದ್ದೆ ಎಂಬುದು ಚೆನ್ನಾಗಿ ನೆನಪಿದೆ.

ಕಳೆದ ತಿಂಗಳು ಮಣಿಪಾಲದ ಓದುಗರ ಬಳಗವೊಂದು ಲೇಖಕಿಯೊಂದಿಗೆ ಸಂವಾದ ಏರ್ಪಡಿಸಿತು. ಲೇಖಕಿ ಎಂದರೆ ನಾನು. ಬೆಳಿಗ್ಗೆಯಿಂದ ನೀರು ದೋಸೆ ಕೂಡ ಇಳಿಯಲಿಲ್ಲ. ಪ್ರಶ್ನೆಗಳನ್ನು ಚೀಟಿಯಲ್ಲಿ ಬರೆದು ಕೊಡಬೇಕು, ನಿವೃತ್ತ ಪ್ರಾಧ್ಯಾಪಕರೊಬ್ಬರು ಮೈಕಿನಲ್ಲಿ ಓದುತ್ತಾರೆ, ನಾನು ಉತ್ತರಿಸಬೇಕು. ಇದು ಕ್ರಮ.

ಮೊದಲ ಚೀಟಿ: ನಲವತ್ತನೆಯ ಪುಟದಲ್ಲಿ ಸಾರಿಗೆ ಟೊಮೆಟೊ ಹಾಕಿದ್ದೀರಿ, ಆಗ ನಮ್ಮೂರಿನಲ್ಲಿ ಟೊಮೆಟೊ ಇತ್ತೇ? (ಇರಲಿಲ್ಲವಂತೆ. ಹುಳಿಗೆ ಹುಣಸೆ ಸಾಕಿತ್ತು. ಕ್ಷಮಿಸಿ.) ಶಿರ್ವದವರೊಬ್ಬರ ಚೀಟಿ: ಅಕ್ಕು ಕಾರ್ಕಳದಿಂದ ಅರ್ಧ ದಿನದಲ್ಲಿ ಶಿರ್ವ ದಾಟುತ್ತಾಳೆ, ಎಲ್ಲೂ ಕೂರುವುದಿಲ್ಲ, ಈಗ ಬಸ್ಸೇ ನಮ್ಮಲ್ಲಿ ಹತ್ತು ನಿಮಿಷ ನಿಲ್ಲುತ್ತದೆ ಮಾರಾಯ್ರೇ. ಸಭೆ ನಕ್ಕಿತು. ನನಗೂ ಸ್ವಲ್ಪ ಉಸಿರು ಬಂತು.

ಒಂಬತ್ತನೆಯ ಚೀಟಿಯನ್ನು ಪ್ರಾಧ್ಯಾಪಕರು ಓದಿದರು. “ಅಕ್ಕುವಿನ ಬರಿ ಯಾವುದು?”

ಯಾರೂ ನಗಲಿಲ್ಲ.

ಬರಿ ಎಂದರೆ ನಮ್ಮ ತುಳುವರಲ್ಲಿ ತಾಯಿಯ ಕಡೆಯಿಂದ ಬರುವ ಬಳಿ, ಮನೆತನದ ಗುರುತು. ಒಂದೇ ಬರಿಯವರು ಅಣ್ಣ ತಂಗಿಯರ ಲೆಕ್ಕ. ಅವರಲ್ಲಿ ಮದುವೆ ಇಲ್ಲ. ಆದ್ದರಿಂದ ಒಬ್ಬ ಹುಡುಗಿಯ ಬರಿಯನ್ನು ಕೇಳುವುದು ಒಂದೇ ಸಂದರ್ಭದಲ್ಲಿ. ಸತ್ತ ಹುಡುಗಿಯ ಬರಿಯನ್ನು ಕೇಳುವುದು? ಅದಕ್ಕೂ ನಮ್ಮಲ್ಲಿ ಸಂದರ್ಭವುಂಟು. ಮದುವೆಯಾಗದೆ ಸತ್ತವರು ಕುಲೆಗಳಾಗಿ, ಅಂದರೆ ಪ್ರೇತಗಳಾಗಿ, ಮನೆಯ ಸುತ್ತಲೇ ಉಳಿಯುತ್ತಾರೆಂದು ಹಿರಿಯರು ನಂಬುತ್ತಾರೆ. ಅವರಿಗೆ ಮಳೆಗಾಲದ ಆಟಿ ತಿಂಗಳಿನಲ್ಲಿ (ಆಷಾಢದ ಹೊತ್ತಿಗೆ), ಹಾಗೆಯೇ ಸತ್ತ ಇನ್ನೊಂದು ಮನೆಯ ಹೆಣ್ಣನ್ನೋ ಗಂಡನ್ನೋ ಹುಡುಕಿ, ಬರಿ ನೋಡಿ, ವೀಳ್ಯ ಬದಲಿಸಿ, ಸೀರೆ ಮುಂಡು ಇಟ್ಟು ಮದುವೆ ಮಾಡುತ್ತಾರೆ.

ಆ ಗಳಿಗೆಯಲ್ಲಿ ನಾನು ‘ಅಕ್ಕು ಕಲ್ಪನೆ’ ಎಂದು ಹೇಳಬೇಕಿತ್ತು. ಎರಡೇ ಪದ. ಬಾಯಿಗೆ ಬಂದದ್ದು ಬೇರೆ. ಮೂವತ್ತೊಂದು ವರ್ಷ ಕಿಟಕಿಯ ಹಿಂದೆ ಕುಳಿತು, ಉತ್ತರ ಗೊತ್ತಿಲ್ಲದ ಎಲ್ಲ ಪ್ರಶ್ನೆಗಳಿಗೂ ಹೇಳುತ್ತಿದ್ದದ್ದನ್ನೇ ಹೇಳಿದೆ.

“ಪರಿಶೀಲಿಸಿ ತಿಳಿಸಲಾಗುವುದು.”

ನಿಮಗೆ ಗೊತ್ತು ಈ ವಾಕ್ಯದ ಬೆಲೆ. ಕಚೇರಿಗೆ ಅಲೆದವರು ಯಾರೂ ಇದನ್ನು ನಂಬುವುದಿಲ್ಲ. ಆದರೆ ಕಡೆಯ ಸಾಲಿನಲ್ಲಿದ್ದ ಒಬ್ಬರು ನಂಬಿದರು. ಪರಿಶೀಲಿಸುವುದಕ್ಕೆ ಎಲ್ಲಿಯೋ ಒಂದು ದಾಖಲೆ ಉಂಟು ಎಂದು ಅವರು ತಿಳಿದರು.

ಮೂರನೆಯ ದಿನ ಅವರು ಉಡುಪಿ ಬನ್ನಂಜೆಯ ನಮ್ಮ ಮನೆಗೆ ಬಂದರು. ಕಾಪುವಿನ ಸದಾನಂದ, ಬಲೆ ಕಟ್ಟುವವರು. ಜೊತೆಗೆ ಅವರ ಅಕ್ಕ ಗಿರಿಜಕ್ಕ, ಉಡುಪಿಯ ಮಾರ್ಕೆಟ್ಟಿನಲ್ಲಿ ಮೀನು ಮಾರುವವರು. ನಾನು ತಮ್ಮನ ಸಂಸಾರದೊಂದಿಗೆ ಇರುವವಳು. ತಮ್ಮನ ಹೆಂಡತಿ ಶಶಿಕಲಾ ಚಹಾ ತಂದಿಟ್ಟಳು. (ಮಾತು ನಡೆದದ್ದು ತುಳುವಿನಲ್ಲಿ. ಕನ್ನಡಕ್ಕೆ ತಂದದ್ದು ನಾನು. ದೋಷವಿದ್ದರೆ ನನ್ನದು.)

“ಪರಿಶೀಲನೆ ಆಯಿತಾ ಮೇಡಂ?” ಎಂದರು ಸದಾನಂದ.

ಅವರ ಹಿರಿಯಣ್ಣ ಶೇಖರ ಇಪ್ಪತ್ತೆರಡನೆಯ ವಯಸ್ಸಿನಲ್ಲಿ ಕಡಲಿಗೆ ಹೋದವನು ಹಿಂದೆ ಬರಲಿಲ್ಲ. ನಲವತ್ತು ವರ್ಷದ ಮಾತು. ಹನ್ನೊಂದು ವರ್ಷಗಳಿಂದ ಅವನಿಗೆ ಹೆಣ್ಣು ಹುಡುಕುತ್ತಿದ್ದಾರೆ. ಬರಿ ಕೂಡುವುದಿಲ್ಲ. ಬರಿ ಕೂಡಿದರೆ, ಆ ಹೆಣ್ಣಿಗೆ ಆಗಲೇ ಮದುವೆ ಆಗಿರುತ್ತದೆ. ತಾಯಿಗೆ ಎಂಬತ್ತನಾಲ್ಕು. ಓದು ಬಾರದ ತಾಯಿಗೆ ಸದಾನಂದ ಮಧ್ಯಾಹ್ನಗಳಲ್ಲಿ ನನ್ನ ಕಾದಂಬರಿಯನ್ನು ತುಳುವಿಗೆ ಮಾಡಿ ಓದಿ ಹೇಳಿದ್ದಾರೆ. ಅಕ್ಕು ಮುಳುಗಿದ ದಿನ ತಾಯಿ ಅತ್ತರಂತೆ. ಆಮೇಲೆ ಕಣ್ಣೊರೆಸಿ, “ಇವಳಿಗೂ ಆಗಲಿಲ್ಲ ಅಲ್ವಾ” ಎಂದರಂತೆ.

“ಅಕ್ಕು ನಿಜವಲ್ಲ. ಅದು ಕಲ್ಪನೆ” ಎಂದೆ.

“ಕಲ್ಪನೆ ಅಂದ್ರೆ ಎಂತ?” ಎಂದರು ಗಿರಿಜಕ್ಕ.

“ನಾನು ಮಾಡಿದ್ದು. ಅಂಥವಳು ಇರಲಿಲ್ಲ.”

“ಇರಲಿಲ್ಲ ಅಂತ ನಿಮಗೆ ಹೇಗೆ ಗೊತ್ತು ಅಕ್ಕ? ಇನ್ನೂರು ವರ್ಷದ ಹಿಂದೆ ನೀವು ಹೋಗಿ ನೋಡಿದ್ದುಂಟಾ? ಮೀನು ಹೊತ್ತು ನಡೆದವರು ನಮ್ಮಲ್ಲಿ ಎಷ್ಟು ಜನ. ಹೊಳೆಗೆ ಹೋದವರು ಎಷ್ಟು ಜನ. ಹೆಸರು ಬರೆದಿಟ್ಟವರು ಯಾರು?”

“ವಯಸ್ಸಿನ ಅಂತರವಾದರೂ ನೋಡಿ. ಅವಳು ಇನ್ನೂರು ವರ್ಷ ಹಿರಿಯಳು” ಎಂದು ಕ್ಷೀಣವಾಗಿ ಆಕ್ಷೇಪಿಸಿದೆ.

“ಸತ್ತವರಿಗೆ ಯಾವ ವಯಸ್ಸು? ಅವಳಿಗೆ ಹತ್ತೊಂಬತ್ತು, ನಮ್ಮವನಿಗೆ ಇಪ್ಪತ್ತೆರಡು. ಸರಿ ಉಂಟಲ್ಲ” ಎಂದರು ಗಿರಿಜಕ್ಕ.

“ಆದರೆ ಬರಿ ಇಲ್ಲ. ನಾನು ಬರೆಯಲಿಲ್ಲ. ತಾಯಿಯ ಹೆಸರನ್ನೇ ಬರೆಯಲಿಲ್ಲ.”

ಗಿರಿಜಕ್ಕ ಚಹಾದ ಲೋಟವನ್ನು ಕೆಳಗಿಟ್ಟರು. “ಮಕ್ಕಳಿಗೆ ತಾಯಿಯ ಬರಿ. ಇವಳಿಗೆ ಬೇರೆ ತಾಯಿ ಇಲ್ಲ ಅಂತ ನೀವೇ ಹೇಳ್ತೀರಿ. ಮಾಡಿದ್ದು ನಾನೇ ಅಂತಲೂ ನೀವೇ ಹೇಳ್ತೀರಿ. ಹಾಗಾದ್ರೆ ನಿಮ್ಮ ಬರಿಯೇ ಅವಳ ಬರಿ. ನೀವೂ ಕಡಲ ಕರೆಯವರೇ ಅಂತ ವಿಚಾರಿಸಿಯೇ ಬಂದದ್ದು ನಾವು. ಹೆಣ್ಣಿನ ಕಡೆಯವರು ನೀವೇ.”

ನನಗೆ ಮದುವೆಯಾಗಿಲ್ಲ. ಮಕ್ಕಳಿಲ್ಲ. ಅರುವತ್ತೆರಡನೆಯ ವಯಸ್ಸಿನಲ್ಲಿ, ನಮ್ಮದೇ ಚಾವಡಿಯಲ್ಲಿ ಕುಳಿತು, ಬೆಳೆದು ನಿಂತ ಹುಡುಗಿಯೊಬ್ಬಳ ತಾಯಿಯಾದೆ. ಸಂತೋಷವಾಗಬೇಕಿತ್ತೋ ಏನೋ. ನಾನು ಎದ್ದು ಫ್ಯಾನು ಹಾಕಿದೆ.

ಅವರು ಹೋದ ಮೇಲೆ ಶಶಿಕಲಾ ಲೋಟ ತೆಗೆಯುತ್ತಾ ಕೇಳಿದಳು. “ಅಕ್ಕ, ಹೆಣ್ಣು ಕೊಡುವುದು ಅಂದ್ರೆ ಸೀಲ್ ಹೊಡೆದು ಕಳಿಸಿದ ಹಾಗಲ್ಲ. ವರ್ಷ ವರ್ಷ ಆಟಿಯಲ್ಲಿ ಅವಳಿಗೂ ಗಂಡನಿಗೂ ಎಲೆ ಹಾಕಿ ಬಡಿಸಬೇಕು. ನಿಮ್ಮ ನಂತರ ಅದು ನನ್ನ ತಲೆಗೆ. ಅಂದ ಹಾಗೆ, ನಿಮ್ಮ ಪುಸ್ತಕದಲ್ಲಿ ಇನ್ನು ಎಷ್ಟು ಜನ ಸತ್ತಿದ್ದಾರೆ?”

ಲೆಕ್ಕ ಹಾಕಿದೆ. ಹದಿನಾಲ್ಕು. ಅದರಲ್ಲಿ ಮದುವೆಯಾಗದವರು ಮೂವರು.

ಆ ದಿನದಿಂದ ಪುಸ್ತಕವನ್ನು ಮುಟ್ಟಲಿಲ್ಲ. ಕಪಾಟಿನ ಬಾಗಿಲಿಗೆ ಚಿಲಕ ಹಾಕಿದೆ. ದೀಪ ಹಚ್ಚುವ ಹೊತ್ತಿಗೆ ಮೆಟ್ಟಿಲಿನ ಕಡೆ ನೋಡುವುದನ್ನು ಬಿಟ್ಟೆ. ಇಂಥವನ್ನು ನಂಬುವವಳು ನಾನಲ್ಲ ಎಂದು ಬರೆಯಲು ಹೊರಟು ಈ ಸಾಲನ್ನು ಎರಡು ಸಲ ಹೊಡೆದುಹಾಕಿದ್ದೇನೆ.

ಹೆದರಿಕೆ ಯಾವುದಕ್ಕೆ? ಕೊಡುವುದಿಲ್ಲ ಎಂದರೆ ಎಂಬತ್ತನಾಲ್ಕರ ಆ ತಾಯಿಗೆ ಇನ್ನೊಂದು ಆಟಿ ಸಿಗುತ್ತದೋ ಇಲ್ಲವೋ. ಕೊಡುತ್ತೇನೆ ಎಂದರೆ, ಇಲ್ಲದವಳನ್ನು ಕೊಟ್ಟಂತೆ. ನಲವತ್ತು ವರ್ಷ ಕಾದ ಹುಡುಗ ತಿರುಗಿ ನೋಡಿದಾಗ ಪಕ್ಕದ ಮಣೆಯಲ್ಲಿ ಯಾರೂ ಇರದಿದ್ದರೆ? ಬದುಕಿರುವವರಿಗೆ ‘ಪರಿಶೀಲಿಸಿ ತಿಳಿಸಲಾಗುವುದು’ ಎನ್ನಬಹುದು. ಅವನಿಗೆ ಏನು ಹೇಳಲಿ?

ಕೊನೆಗೆ ನನಗೆ ಗೊತ್ತಿರುವುದನ್ನೇ ಮಾಡಿದೆ. ಪತ್ರ ಬರೆಯಲು ಕುಳಿತೆ. ‘ವಿಷಯ: ಅಕ್ಕು ಎಂಬಾಕೆ ಅಸ್ತಿತ್ವದಲ್ಲಿ ಇಲ್ಲದಿರುವ ಬಗ್ಗೆ.’ ಕೆಳಗೆ ‘ಉಲ್ಲೇಖ’ ಎಂದು ಬರೆದು ಪೆನ್ನು ನಿಂತಿತು. ಇದ್ದಾಳೆ ಎನ್ನಲು ಉಲ್ಲೇಖವಿಲ್ಲ, ಸರಿ. ಇಲ್ಲ ಎನ್ನಲು ಎಲ್ಲಿದೆ? ಆ ಸ್ಥಳವನ್ನು ಖಾಲಿ ಬಿಟ್ಟು, ಸಹಿ ಹಾಕಿ, ಲಕೋಟೆಯಲ್ಲಿಟ್ಟು, ಕೈಯಾರೆ ತಲುಪಿಸಲು ಕಾಪುವಿನ ಬಸ್ಸು ಹತ್ತಿದೆ.

ಅವರ ಮನೆ ಕಡಲಿಗೆ ಹತ್ತಿರ. ಜಗಲಿಯಲ್ಲಿ ಪ್ಲಾಸ್ಟಿಕ್ ಕುರ್ಚಿ ಹಾಕಿ ಕೂರಿಸಿದರು. ತಾಯಿ ಒಳಗಿನ ಚಾಪೆಯಿಂದ ಗೋಡೆ ಹಿಡಿದು ಎದ್ದು ಬಂದರು. ಹರಿವಾಣದಲ್ಲಿ ಒಂದು ಸೀರೆ ಆಗಲೇ ಇತ್ತು. ಹಸಿರು, ಕೆಂಪು ಅಂಚು. ಲಕೋಟೆ ನನ್ನ ಚೀಲದಲ್ಲಿತ್ತು. ಚೀಲದ ಜಿಪ್ಪಿನ ಮೇಲೆ ಬೆರಳಿಟ್ಟುಕೊಂಡೇ ಇದ್ದೆ.

ಓದುಗರ ಪ್ರಶ್ನೆಗಳಲ್ಲಿ ಅತ್ಯಂತ ಕಠಿಣವಾದದ್ದು ಯಾವುದು ಎಂದು ಯಾರಾದರೂ ಕೇಳಿದರೆ, ಆ ಪುಸ್ತಕದ ಒಂದು ಅಕ್ಷರವನ್ನೂ ಓದದ ಈ ಓದುಗರು ಕೇಳಿದ್ದನ್ನು ಹೇಳುತ್ತೇನೆ.

“ಒಂದು ಕೇಳ್ತೇನೆ ಮಗಾ. ನಿಮ್ಮ ಹುಡುಗಿಗೆ ಈಗ ನೀರು ಅಂದ್ರೆ ಹೆದರಿಕೆ ಉಂಟಾ?”

ನನಗೆ ಅರ್ಥವಾಗಲಿಲ್ಲ.

“ನಮ್ಮವ ನೀರಲ್ಲೇ ಹೋದದ್ದು. ಅವನಿಗೆ ಈಗ ನೀರಿನ ಹೆದರಿಕೆ ಇದ್ದೀತು. ಅವಳೂ ನೀರಲ್ಲೇ ಹೋದದ್ದು. ನಮ್ಮ ಮನೆ ಕಡಲ ಬುಡದಲ್ಲಿ. ಇಬ್ಬರೂ ಹೆದರಿಕೊಂಡರೆ ಇಲ್ಲಿ ಹೇಗೆ ಇರ್ತಾರೆ? ಒಬ್ಬರಿಗಾದರೂ ಧೈರ್ಯ ಬೇಕಲ್ಲ.”

ಸದಾನಂದ ನನ್ನನ್ನು ನೋಡಿದರು. ಗಿರಿಜಕ್ಕನೂ ನೋಡಿದರು. ಕಾದಂಬರಿಯ ಯಾವ ಪುಟದಲ್ಲೂ ಇದಕ್ಕೆ ಉತ್ತರವಿಲ್ಲ. ನೋಟ್‌ಬುಕ್ಕಿನಲ್ಲಿ ಇಲ್ಲ. ಪರಿಶೀಲಿಸುವುದಕ್ಕೆ ಏನೂ ಇಲ್ಲ. ಮುಳುಗುವಾಗ ಅವಳಿಗೆ ಏನನ್ನಿಸಿತೆಂದು ನಾನು ಒಂದು ಸಾಲೂ ಬರೆದಿರಲಿಲ್ಲ. ಬರೆದ ಆ ದಿನ ನನಗೆ ಸಂಜೆಯ ಬಸ್ಸಿಗೆ ಹೊತ್ತಾಗಿತ್ತು.

“ಇಲ್ಲ ಅಮ್ಮ. ಅವಳಿಗೆ ಹೆದರಿಕೆ ಇಲ್ಲ” ಎಂದೆ.

ನನ್ನ ಸ್ವರ ನನಗೇ ಕೇಳಿಸಿತು. ಮೂವತ್ತೊಂದು ವರ್ಷಗಳ ಸೇವೆಯಲ್ಲಿಯೂ ಆನಂತರವೂ ಉಲ್ಲೇಖವಿಲ್ಲದೆ ನಾನು ಕೊಟ್ಟ ಮೊದಲ ಉತ್ತರ ಅದು.

ತಾಯಿ ತಲೆಯಾಡಿಸಿದರು. ಗಿರಿಜಕ್ಕ ವೀಳ್ಯದೆಲೆ ಅಡಿಕೆಯ ಹರಿವಾಣವನ್ನು ಮುಂದೆ ಹಿಡಿದರು. ಎರಡೂ ಕೈ ಚಾಚಿದೆ. ಸ್ವೀಕರಿಸಲಾಯಿತು. ಲಕೋಟೆ ಚೀಲದಲ್ಲೇ ಹಿಂದೆ ಬಂತು.

ಧೈರ್ಯ ಬಂತೇ ಎಂದು ಕೇಳಬೇಡಿ. ಬರಲಿಲ್ಲ. ಮದುವೆ ಆಟಿಯ ಮೂರನೆಯ ಭಾನುವಾರ. ನಾನು ಹೆಣ್ಣಿನ ಕಡೆಯಿಂದ ಹೋಗಿ ಕುಳಿತುಕೊಳ್ಳಬೇಕು. ಬಳೆ ಯಾವ ಅಳತೆಯದ್ದು ತೆಗೆಯಲಿ ಎಂದು ಶಶಿಕಲಾ ಇವತ್ತು ಬೆಳಿಗ್ಗೆ ಕೇಳಿದಳು. ಅದಕ್ಕೂ ಉತ್ತರ ಹೇಳಿದೆ. ಅದೂ ತಡವರಿಸದೆ! ನನಗೆ ಈಗ ಹೆಚ್ಚು ಹೆದರಿಕೆ ಇದರದ್ದೇ. ನಮ್ಮಂಥವರು ಇತಿಹಾಸದ ಖಾಲಿ ಜಾಗದಲ್ಲಿ ಯಾರನ್ನೋ ತಂದು ನಿಲ್ಲಿಸುತ್ತೇವೆ, ಅಧ್ಯಾಯ ಮುಗಿಸಲು ಹೊಳೆಗೆ ನೂಕುತ್ತೇವೆ, ಊಟದ ಡಬ್ಬಿ ಎತ್ತಿಕೊಂಡು ಮನೆಗೆ ಹೋಗುತ್ತೇವೆ. ಒಂದು ದಿನ ಯಾರೋ ಬಂದು ಅವಳ ಯೋಗಕ್ಷೇಮ ಕೇಳುತ್ತಾರೆ ಎಂದು ಬರೆಯುವಾಗ ಎಣಿಸಿರುತ್ತೇವೆಯೇ?

ಎರಡನೆಯ ಮುದ್ರಣಕ್ಕೆ ತಿದ್ದುಪಡಿಗಳನ್ನು ಕಳುಹಿಸಿ ಎಂದು ಪ್ರಕಾಶಕರು ತಿಳಿಸಿದ್ದಾರೆ. ಟೊಮೆಟೊವನ್ನು ತೆಗೆಯುತ್ತೇನೆ. ಶಿರ್ವದಲ್ಲಿ ಅಕ್ಕುವನ್ನು ಸ್ವಲ್ಪ ಹೊತ್ತು ಕೂರಿಸುತ್ತೇನೆ.

ಪ್ರಸ್ತುತ ಬರಹದಲ್ಲಿಯೂ ತಪ್ಪುಗಳು ಕಂಡುಬಂದಲ್ಲಿ ತಿದ್ದಿ ತಿಳಿಸಬೇಕಾಗಿ ವಿನಂತಿ. ಅಕ್ಕುವಿನ ವಿಷಯದಲ್ಲಿ ತಪ್ಪಿದ್ದರೆ ಮಾತ್ರ ಆಟಿಯ ಮೂರನೆಯ ಭಾನುವಾರದ ಒಳಗಾಗಿ ತಿಳಿಸಿ. ಆಮೇಲೆ ಅವಳು ಕಾಪುವಿನ ಮನೆಯವಳು, ತಿದ್ದುವ ಅಧಿಕಾರ ನನಗಿರುವುದಿಲ್ಲ.