ಕಲ್ಲಿನ ಕಾಕ ಹೇಳಿದ ಸುಳ್ಳು

ಅವರ ಹತ್ತೂ ಬೆರಳುಗಳ ತುದಿ ಗೆರೆಯಿಲ್ಲದೆ ನುಣ್ಣಗಾಗಿತ್ತು. ವರ್ಷಗಟ್ಟಲೆ ಕಲ್ಲು ಉಜ್ಜಿ ಸವೆದದ್ದು. ರೇಷನ್ ಅಂಗಡಿಯ ಬೆರಳಚ್ಚಿನ ಯಂತ್ರ ಅವರನ್ನು ಗುರುತಿಸುತ್ತಿರಲಿಲ್ಲ. "ಯಂತ್ರದ ಲೆಕ್ಕದಲ್ಲಿ ನಾನು ಇಲ್ಲವೇ ಇಲ್ಲ ಟೀಚರೇ" ಎಂದು ನಗುತ್ತಿದ್ದರು.

ಕೊಡಿಯಾಲ್‌ಬೈಲಿನ ನಮ್ಮ ಅಪಾರ್ಟ್‌ಮೆಂಟಿನಲ್ಲಿ ಎಲ್ಲರಿಗೂ ಅವರು ಕಲ್ಲಿನ ಕಾಕ. ಅಡುಗೆಮನೆಯ ಕಟ್ಟೆಗೆ ಕಲ್ಲು ಹಾಸುವುದು, ಕಲೆ ತೆಗೆಯುವುದು, ಪಾಲಿಶ್ ಹಿಡಿಸುವುದು ಅವರ ಕೆಲಸ. ಗಲ್ಫಿನಲ್ಲೂ ಹತ್ತು ವರ್ಷ ಅದನ್ನೇ ಮಾಡಿ, ಬಿಕರ್ನಕಟ್ಟೆಯಲ್ಲಿ ಪುಟ್ಟ ಮನೆ ಕಟ್ಟಿಕೊಂಡಿದ್ದರು.

ನಾವು ಫ್ಲ್ಯಾಟಿಗೆ ಬಂದ ಹೊಸತರಲ್ಲಿ ಬಿಳಿ ಮಾರ್ಬಲಿನ ಮೇಲೆ ಉಪ್ಪಿನಕಾಯಿಯ ಎಣ್ಣೆ ಸೋರಿತು. ನಾನು ಲಿಂಬೆಹುಳಿ ಹಾಕಿ ತಿಕ್ಕಿದೆ. ಕಲೆ ಉಳಿಯಿತು, ಹೊಳಪು ಹೋಯಿತು. ಕಾಕ ಬಂದು ತಲೆಯ ಮೇಲೆ ಕೈ ಇಟ್ಟುಕೊಂಡರು.

"ಎಂತ ಮಾಡಿದಿರಿ ಮಾರಾಯ್ರೆ! ಹುಳಿ ಇದನ್ನು ತಿಂದು ಹಾಕ್ತದೆ."

ಅಡುಗೆ ಸೋಡಾ ಕಲಸಿ ಕಲೆಯ ಮೇಲೆ ಮೆತ್ತಿ, ಪ್ಲಾಸ್ಟಿಕ್ ಮುಚ್ಚಿ ಹೋದವರು ಮರುದಿನ ಬಂದು ಒರೆಸಿ, ಪಾಲಿಶ್ ಮಾಡಿದರು. ಆಮೇಲೆ ಒಂದು ಚಮಚ ನೀರು ಹನಿಸಿ ಕಣ್ಣು ಮಿಟುಕಿಸದೆ ನೋಡುತ್ತ ನಿಂತರು. ನೀರು ಬಿದ್ದಲ್ಲಿ ಕಲ್ಲು ಮಬ್ಬಾಯಿತು. "ಇದಕ್ಕೆ ಬಾಯಾರಿಕೆ ಉಂಟು" ಎಂದು, ಕಲ್ಲು ನೀರು ಹೀರದಂತೆ ತಡೆಯುವ ಸೀಲರ್ ಬಳಿದರು. ಬಿಸಿನೀರು, ನಾಲ್ಕು ಹನಿ ಸಾಬೂನು, ಮೆತ್ತನೆಯ ಬಟ್ಟೆ, ಇಷ್ಟು ಬಿಟ್ಟು ಬೇರೇನೂ ಬೇಡವೆಂದು ನನ್ನ ಶಾಲೆಯ ಮಕ್ಕಳಿಗೆ ನಾನು ಹೇಳುವ ಹಾಗೆ ಎರಡೆರಡು ಸಲ ಹೇಳಿದರು.

ಕೆಲವು ವರ್ಷದ ಮೇಲೆ ಮಾರ್ಬಲ್ ತೆಗೆಸಿ ಗ್ರಾನೈಟ್ ಹಾಕಿಸಿದೆ. ಹಾಸಿದ ಕಲ್ಲಿನಲ್ಲಿ ಸಿಂಕಿಗೆ ಜಾಗ ಕೊಯ್ಯಬೇಕಿತ್ತು. ಕಾಕ ನೀರಿನ ಪೈಪು ಕೇಳಿದರು.

"ನೀರು ಬೇಡ ಕಾಕ. ಕೆಳಗಿನ ಕಪಾಟು ಹೊಸತು, ಉಬ್ಬುತ್ತದೆ."

"ನೀರು ಬಿಡದಿದ್ದರೆ ಹುಡಿ ಏಳ್ತದೆ ಟೀಚರೇ. ಎದೆಗೆ ಹೋಗ್ತದೆ, ಒಳ್ಳೆಯದಲ್ಲ ಅದು."

"ಸ್ವಲ್ಪ ಹೊತ್ತಿನ ಕೆಲಸ ಅಲ್ಲವಾ?"

ಕಾಕ ಹೆಗಲ ಮೇಲಿದ್ದ ಬೈರಾಸು ತೆಗೆದು ಮೂಗು ಬಾಯಿ ಮುಚ್ಚುವಂತೆ ಮುಖಕ್ಕೆ ಕಟ್ಟಿಕೊಂಡರು. ಹುಡಿ ಹೊರಗಿನ ಕೋಣೆಗೆ ಬಾರದಿರಲೆಂದು ನಾನು ಅಡುಗೆಮನೆಯ ಬಾಗಿಲು ಎಳೆದುಕೊಂಡೆ. ಮುಗಿಸಿ ಹೊರಬಂದಾಗ ಅವರ ರೆಪ್ಪೆಗಳೂ ಬೆಳ್ಳಗಾಗಿದ್ದವು. ನಾನು ನಕ್ಕು ಚಹಾ ಕೊಟ್ಟೆ.

ಆಮೇಲೆ ಅವರ ಬರವು ಕಡಿಮೆಯಾಯಿತು. ಮೆಟ್ಟಿಲು ಹತ್ತಲು ಆಗುವುದಿಲ್ಲವಂತೆ ಎಂದು ಯಾರೋ ಹೇಳಿದರು. ಟಿಬಿ ಎಂದು ತಿಂಗಳುಗಟ್ಟಲೆ ಗುಳಿಗೆ ನುಂಗಿದ್ದರು. ಕೊನೆಗೊಬ್ಬ ಡಾಕ್ಟರು ಎದೆಯ ಎಕ್ಸ್‌ರೇ ನೋಡಿ, ಇದು ಟಿಬಿಯಲ್ಲ, ಶ್ವಾಸಕೋಶದ ತುಂಬ ಕಲ್ಲಿನ ಹುಡಿ, ಇದಕ್ಕೆ ಮದ್ದಿಲ್ಲ ಎಂದರಂತೆ.

ಬಿಕರ್ನಕಟ್ಟೆಯ ಮನೆಗೆ ನೋಡಲು ಹೋದೆ. ಮಂಚದಲ್ಲಿ ಕುಳಿತೇ ಇದ್ದರು, ಮಲಗಿದರೆ ಉಸಿರು ಸಿಗುತ್ತಿರಲಿಲ್ಲ. ಮೂಗಿಗೆ ಆಕ್ಸಿಜನ್ ನಳಿಗೆ. ಒಂದೊಂದು ಶಬ್ದಕ್ಕೂ ನಿಲ್ಲುತ್ತ ಕೇಳಿದರು, "ಕಲ್ಲು... ಹೇಗುಂಟು?"

ನನಗೆ ತಡೆಯಲಾಗಲಿಲ್ಲ. "ಅವತ್ತು ನೀರು ಬೇಡ ಎಂದವಳು ನಾನು. ಬಾಗಿಲು ಮುಚ್ಚಿದವಳೂ ನಾನು, ಕಾಕ" ಎಂದೆ.

ಅವರು ಕೈ ಅಲ್ಲಾಡಿಸಿದರು. "ಎಷ್ಟು ಮನೆ ಟೀಚರೇ... ಎಲ್ಲ ಕಡೆ ಹಾಗೆಯೇ. ನಿಮ್ಮದು... ನೆನಪೇ ಇಲ್ಲ ನನಗೆ."

ನಾಚಿಕೆಯಾಗುತ್ತದೆ, ಆ ಮಾತು ಕೇಳಿ ನನಗೆ ಹಗುರವೇ ಆಯಿತು.

ಮೂರು ವಾರಕ್ಕೆ ಅವರು ತೀರಿಕೊಂಡರು. ನನಗಿಂತ ನಾಲ್ಕೇ ವರ್ಷ ದೊಡ್ಡವರು. ಕೆಲವು ದಿನ ಬಿಟ್ಟು ಅವರ ಮನೆಗೆ ಹೋದಾಗ ಹೆಂಡತಿ ನನ್ನನ್ನು ಒಳಗೆ ಕೂರಿಸಿಕೊಂಡರು. ಆಕೆಯ ಸ್ವರದಲ್ಲಿ ಸಿಟ್ಟು ಇರಲಿಲ್ಲ.

"ನೀವು ಬಂದು ಹೋದ ದಿನ ಇವರು ಹೇಳಿದರು, ಟೀಚರ ಮನೆಯದ್ದು ಎಲ್ಲ ನೆನಪುಂಟು, ಬಾಗಿಲು ಹಾಕಿದ್ದೂ ನೆನಪುಂಟು, ಆದರೆ ಸುಳ್ಳು ಹೇಳಿದೆ ಅಂತ. ಪಾಪ, ಟೀಚರಿಗೆ ಹುಡಿಯ ವಿಷಯ ಗೊತ್ತಿರಲಿಲ್ಲ ಅಂತ."

ನಾನು ಹೌದೆಂಬಂತೆ ತಲೆಯಾಡಿಸಿದೆ.

ನನಗೆ ಗೊತ್ತಿತ್ತು. ಅವತ್ತು ನೀರು ಕೇಳುವಾಗ ಅವರೇ ಹೇಳಿದ್ದರು. ಅದನ್ನು ಆಕೆಯ ಎದುರು ಬಾಯಿ ಬಿಟ್ಟು ಹೇಳಲು ನನ್ನಿಂದ ಆಗಲಿಲ್ಲ.