ಮಡಕೆಯ ಕರಿರಾಗಿ

ಕೊಟ್ಟಿಗೆ ಗುಡಿಸಿ, ಡೈರಿಗೆ ಹಾಲು ಹಾಕಿ, ಮಿಲ್ಲಿನಿಂದ ರಾಗಿಹಿಟ್ಟು ತರುವಷ್ಟರಲ್ಲಿ ಜಗುಲಿ ಮೇಲೆ ಅತ್ತೆಯ ಪಕ್ಕ ಆ ಸಂಶೋಧನೆಯ ಹುಡುಗಿ ಕೂತಿದ್ದಳು. ಹೋದ ವರ್ಷ ನಮ್ಮತ್ತೆಯ ಕರಿರಾಗಿಯನ್ನು ಒಂದು ಹಿಡಿ ಒಯ್ದವಳು.

"ಬೆಂಕಿರೋಗ ತಡೆಯೋ ಗುಣ ಇದರ ವಂಶವಾಹಿಯಲ್ಲೇ ಇದೆ ಅಜ್ಜಿ. ಕೊಟ್ಟಿದ್ದೆಲ್ಲ ಪರೀಕ್ಷೆಗೇ ಮುಗೀತು. ಬಿತ್ತೋಕೆ ಇನ್ನೊಂದು ಹಿಡಿ ಬೇಕು."

ಊರಲ್ಲಿ ಬೇರೆ ಯಾರ ಮನೆಯಲ್ಲೂ ಆ ರಾಗಿ ಉಳಿದಿರಲಿಲ್ಲ. ಅತ್ತೆ ಅಟ್ಟದ ಮಡಕೆ ಇಳಿಸಿದರು. ಖಾಲಿ. ಹುಳ ಬಿದ್ದೀತೆಂದು ಬೆಳಿಗ್ಗೆ ನಾನೇ ಜರಡಿ ಹಿಡಿದು ಬೂದಿ ತೆಗೆದು, ಆ ರಾಗಿಯನ್ನೂ ಮಿಲ್ಲಿಗೆ ಹಾಕಿಸಿದ್ದೆ.

"ಬೂದಿ ಬೆರೆಸಿಟ್ಟಿದ್ದು ನೋಡಿದ್ರೂ ಬಿತ್ತನೆ ಅಂತ ತಿಳೀಲಿಲ್ವೇನೇ?" ಅಂದರು ಅತ್ತೆ.

ಹುಡುಗಿ ಇನ್ನೂ ಬೆಚ್ಚಗಿದ್ದ ಹಿಟ್ಟನ್ನು ಮುಟ್ಟಿ ನೋಡಿ, ಬಸ್ಸಿಗೆ ಹೊರಟಳು.

ಸಂಜೆ ಅದೇ ಹಿಟ್ಟಿನ ಮುದ್ದೆ, ಹುರುಳಿ ಸಾರು ಉಂಡೆವು. ಅತ್ತೆ ಅರ್ಧ ಮುದ್ದೆಗೇ ಕೈ ತೊಳೆದು, ಎಲ್ಲರಿಗಿಂತ ಮೊದಲು ಮಲಗಿದರು.