ಬಣ್ಣಗಾರನ ಆರು ಇಂಗ್ಲಿಷ್ ಮಾತು

ಮಾನ್ವಿಯ ಮೌಲಾಹುಸೇನ ಸೀರೆಗಳಿಗೆ ಬಣ್ಣ ಹಾಕುವವನು. ಎರಡನೆಯ ಮಹಾಯುದ್ಧ ಮುಗಿದ ಮೇಲೆ ರಾಯಚೂರಿನ ಅಂಗಡಿಗಳಿಗೆ ಹೊಸ ಬಗೆಯ ಬಣ್ಣದ ಪೊಟ್ಟಣಗಳು ಬರತೊಡಗಿದವು. ಬಳಸುವ ಕ್ರಮ ಇಂಗ್ಲಿಷಿನಲ್ಲಿ ಮಾತ್ರ ಇರುತ್ತಿತ್ತು. ಅವನಿಗೆ ಉರ್ದು ಓದು ಬರುತ್ತಿತ್ತು. ಇಂಗ್ಲಿಷ್ ಅಕ್ಷರಗಳನ್ನೂ ಕಷ್ಟಪಟ್ಟು ಕೂಡಿಸುತ್ತಿದ್ದ, ಆದರೆ ಅರ್ಥವಾಗುತ್ತಿರಲಿಲ್ಲ. ಮೊದಲು ತಣ್ಣೀರಲ್ಲಿ ನೆನೆಸಬೇಕೆಂದು ತಿಳಿಯದೆ ಒಣ ಸೀರೆಗಳನ್ನೇ ಕುದಿಯುವ ಹಂಡೆಗೆ ಇಳಿಸಿದ. ನೀರಮಾನ್ವಿಯ ಮದುವೆ ಮನೆಯ ಐದು ಸೀರೆಗಳು ಕಲೆಕಲೆಯಾದವು.

ಅಂದೇ ಸಂಜೆ ವಿರೂಪಣ್ಣ ಮಾಸ್ತರರ ಬಳಿಗೆ ಹೋದ. ದೇವದುರ್ಗದ ಕಡೆಯವರಾದ ಅವರು ಮಾನ್ವಿಯ ಶಾಲೆಯಲ್ಲಿ ಇಂಗ್ಲಿಷ್ ಕಲಿಸುತ್ತಿದ್ದರು.

"ನನಗ ಪೂರಾ ಇಂಗ್ಲಿಷ್ ಬ್ಯಾಡ್ರಿ ಮಾಸ್ತರ್ರ. ಸೀರಿ ಅರಿವಿಗೆ ನೀರು, ಬಣ್ಣ ಹ್ಯಾಂಗ ಇಳೀತದ, ಅದಕ್ಕ ಏನೇನಂತಾರ, ಅಷ್ಟು ಹೇಳ್ರಿ."

ಸೋಕ್ ಎಂದರೆ ನೆನೆಯುವುದು. ಸ್ಟೀಪ್ ಎಂದರೆ ಬಹಳ ಹೊತ್ತು ಮುಳುಗಿಸಿಡುವುದು. ಸ್ಯಾಚುರೇಟ್ ಎಂದರೆ ಇನ್ನೊಂದು ಹನಿಯೂ ಹಿಡಿಯದಷ್ಟು ತುಂಬುವುದು. ಪರ್ಮಿಯೇಟ್ ಎಂದರೆ ಎಳೆಎಳೆಗೂ ಹರಡುವುದು. ಇಷ್ಟನ್ನು ಹೇಳಿಕೊಟ್ಟು, ಚೀಟಿಯಲ್ಲಿ ಬರೆದು, ಮಾಸ್ತರರು ಕೆಳಗೆ ಇನ್ನೆರಡು ಮಾತು ಸೇರಿಸಿದರು.

"ಇವೆರಡು ಆಮ್ಯಾಲ ಹೇಳ್ತೀನಿ. ರಾಯಚೂರಿಗೆ ಯಾವಾಗ ಹೊಂಟಿ?"

"ನಾಳೆ ರೀ."

ಅದು ನಲವತ್ತೆಂಟರ ಬೇಸಿಗೆ. ಹೊಳೆಯಾಚೆ ಸ್ವಾತಂತ್ರ್ಯ ಬಂದಿತ್ತು, ಈಚೆ ಇನ್ನೂ ನಿಜಾಮರ ಆಳ್ವಿಕೆ. ಹೊಳೆಯಾಚೆಯಿಂದ ಯಾರು ಬಂದರು, ಯಾರು ಹೋದರು ಎಂದು ಪ್ರತಿ ನಾಕಾದಲ್ಲೂ ಪೊಲೀಸರು ಜೇಬು ತಡಕುತ್ತಿದ್ದರು. ಮರುದಿನ ರಾಯಚೂರಿನ ದಾರಿಯಲ್ಲಿ ಮೋಟಾರು ನಿಲ್ಲಿಸಿ ಮೌಲಾಹುಸೇನನ ಜೇಬಿಗೂ ಕೈ ಹಾಕಿದರು. ಚೀಟಿ ಪೊಲೀಸ್ ಅಮೀನನ ಕೈ ಸೇರಿತು. ಅಮೀನನಿಗೆ ಇಂಗ್ಲಿಷ್ ಬರುತ್ತಿತ್ತು.

"ಬಣ್ಣದ ಮಾತಂತ ಹೇಳ್ತಿ. ಇಲ್ನೋಡು, ಪರ್ವೇಡ್: ಎಲ್ಲಾ ಕಡಿ ವ್ಯಾಪಿಸು. ಇನ್ಫಿಲ್ಟ್ರೇಟ್: ಗೊತ್ತಾಗದಂಗ ಒಳಗ ನುಸುಳು. ಯಾರಿಗೆ ಒಯ್ಯಾಕತ್ತಿ ಈ ಹುಕುಂ?"

ಆ ಎರಡರ ಅರ್ಥ ಮೌಲಾಹುಸೇನನಿಗೆ ತಿಳಿದದ್ದು ಈಗಲೇ. ರಾಯಚೂರಿಗೆ ಯಾವಾಗ ಹೋಗುತ್ತೀ ಎಂದು ಮಾಸ್ತರರು ಕೇಳಿದ್ದು ನೆನಪಾಯಿತು. ಅವರ ಅಣ್ಣ ನಿಜಾಮರ ವಿರುದ್ಧದ ಚಳವಳಿ ಸೇರಿ ಜೈಲಿನಲ್ಲಿದ್ದಾನೆಂದು ಊರು ಮಾತಾಡುತ್ತಿತ್ತು. ಸಾಬರವನನ್ನು ಯಾರೂ ತಡಕುವುದಿಲ್ಲವೆಂದು ತನ್ನ ಕೈಯಲ್ಲಿ ಕಳಿಸಿದರೇ? ಹೆಸರು ನಾಲಿಗೆಯ ತುದಿಗೆ ಬಂತು. ಆದರೆ ನಾಕಾದ ಹಿಂದಿನ ಬೇವಿನ ಮರಕ್ಕೆ ಮಟಮಾರಿಯ ಒಬ್ಬನನ್ನು ಕಟ್ಟಿಹಾಕಿದ್ದರು. ಹೊಡೆತ ತಿಂದು ಅವನ ಮುಖದ ಗುರುತೇ ಸಿಗುವಂತಿರಲಿಲ್ಲ.

"ಪೊಟ್ಟಣ ನೋಡಿ ನಾನೇ ಬರಕೊಂಡೀನಿ ಸಾಹೇಬ್ರ," ಎಂದ.

"ಹಂಗಾದ್ರ ಈಗ ಬರಿ."

ಪೆನ್ಸಿಲ್ ಕೊಟ್ಟರು. ಎರಡನೆಯ ಮಾತಿಗೇ ಅಕ್ಷರಗಳು ತಪ್ಪಿದವು. ಬಲಗೈ ಬೆರಳುಗಳ ಮೇಲೆ ಲಾಠಿ ಬಿತ್ತು. ಯಾರು ಬರೆದರೆಂದು ಮತ್ತೆ ಮತ್ತೆ ಕೇಳಿದರು. ಅವನು ಅದನ್ನೇ ಹೇಳಿದ. ಹೊತ್ತು ಇಳಿಯುವಾಗ, ಆ ದಾರಿಯಲ್ಲಿ ಬಂದ ಮಾನ್ವಿಯ ವ್ಯಾಪಾರಿ ದಸ್ತಗೀರ್ ಸಾಬ್ ಜಾಮೀನು ನಿಂತು ಬಿಡಿಸಿದರು. ಚೀಟಿ ಅಲ್ಲೇ ಉಳಿಯಿತು.

ಮನೆಯಲ್ಲಿ ಹೆಂಡತಿ ಅನ್ವರಿ ಬೇಗಂ ಮುರಿದ ಎರಡು ಬೆರಳಿಗೆ ಪಟ್ಟಿ ಕಟ್ಟುತ್ತ, "ಆ ಮಾಸ್ತರ ನಿಮ್ಮನ್ನ ಬಲಿ ಕೊಟ್ಟಾನ," ಎಂದಳು. ಅವನಿಗೂ ಹಾಗೆಯೇ ಅನ್ನಿಸಿತ್ತು.

ಮರುದಿನ ಕೈಯನ್ನು ಟವೆಲಿನೊಳಗೆ ಮುಚ್ಚಿಕೊಂಡು ಮಾಸ್ತರರ ಬಾಗಿಲಲ್ಲಿ ನಿಂತ.

"ಕಡೀಗೆ ಆ ಎರಡು ಮಾತು ಯಾಕ ಬರದ್ರಿ?"

ಮಾಸ್ತರರು ಓಣಿಯ ಎರಡೂ ಕಡೆ ನೋಡಿದರು. "ಚೀಟಿ ಎಲ್ಲದ?"

"ಅಮೀನನ ಹತ್ರ ಅದ."

"ನನ್ನ ಹೆಸರು ಹೇಳ್ದೇನು?"

"ಇಲ್ರಿ."

ಅವರು ನಂಬಲಿಲ್ಲ. ಒಳಗಿನಿಂದ ನಿಘಂಟು ತಂದು, "ನೋಡಪ್ಪ, ಆರೂ ಮಾತು ಒಂದೇ ಕಡಿ ಅವ, ಅದಕ್ಕ ಬರದೆ," ಎಂದು ಪುಟ ತೋರಿಸಿದರು. ಆ ಸಣ್ಣ ಅಕ್ಷರಗಳಲ್ಲಿ ಏನಿದೆಯೆಂದು ಮೌಲಾಹುಸೇನನಿಗೆ ತಿಳಿಯಲಿಲ್ಲ. ಅವನೂ ನಂಬಲಿಲ್ಲ. ಮೂರು ದಿನದಲ್ಲಿ ಮಾಸ್ತರರ ಮನೆಗೆ ಬೀಗ ಬಿತ್ತು. ಹೆಂಡತಿ ಮಕ್ಕಳೊಂದಿಗೆ ಹೊಳೆ ದಾಟಿದರಂತೆ. ಏನೂ ಇಲ್ಲದಿದ್ದರೆ ಯಾಕೆ ಓಡುತ್ತಿದ್ದರು ಎಂದು ಓಣಿಯೆಲ್ಲ ಕೇಳಿತು.

ಸೆಪ್ಟೆಂಬರಿನಲ್ಲಿ ನಿಜಾಮರ ಆಳ್ವಿಕೆ ಮುಗಿಯಿತು. ಈಗ ಸಾಬರವನೆಂದು ಮೌಲಾಹುಸೇನನನ್ನೇ ಜನ ಓರೆಗಣ್ಣಿನಿಂದ ನೋಡತೊಡಗಿದರು. ಎರಡು ತಿಂಗಳು ಅವನು ಪೇಟೆಯ ಕಡೆ ಹೋಗಲಿಲ್ಲ.

ಚಳಿಗಾಲದ ಮೊದಲಲ್ಲಿ ಮಾಸ್ತರರು ಮರಳಿದರು. ತಮ್ಮನ್ನು ಹಿಡಿಯಲು ಪೊಲೀಸರು ಎಷ್ಟು ಸಲ ಬಂದಿದ್ದರೆಂದು ಓಣಿಯವರನ್ನು ವಿಚಾರಿಸಿದರು. ಒಮ್ಮೆಯೂ ಬಂದಿರಲಿಲ್ಲ. ನೇರವಾಗಿ ಬಣ್ಣದ ಹಂಡೆಗಳಿದ್ದ ಅಂಗಳಕ್ಕೆ ನಡೆದರು. ಸೀರೆ ಹಿಂಡುತ್ತಿದ್ದವಳು ಅನ್ವರಿ ಬೇಗಂ. ಮೌಲಾಹುಸೇನ ಎಡಗೈಯಲ್ಲಿ ಕೋಲು ಹಿಡಿದು ಹಂಡೆ ತಿರುವುತ್ತಿದ್ದ.

"ಬಲಗೈಗೆ ಏನಾತು?"

"ನಾಕಾದಾಗ ಆದದ್ದು ರೀ."

ಮಾಸ್ತರರು ಒಗೆಯುವ ಕಲ್ಲಿನ ಮೇಲೆ ಕುಳಿತುಬಿಟ್ಟರು.

"ನಿನಗ ನಾಲ್ಕೇ ಸಾಕಿತ್ತು. ನನಗ ದೊಡ್ಡ ದೊಡ್ಡ ಮಾತು ಬರ್ತಾವಂತ ನಿನ್ನ ಮುಂದ ತೋರಿಸ್ಕೋಬೇಕಿತ್ತು. ಅಷ್ಟ."

"ರಾಯಚೂರಿಗೆ ಹೋಗೋದು ಯಾಕ ಕೇಳಿದ್ರಿ ಮತ್ತ?"

"ಕನ್ನಡಕದ ಗಾಜು ಸೀಳಿತ್ತು. ರಿಪೇರಿಗೆ ನಿನ್ನ ಕೈಲಿ ಕೊಡಬೇಕಂತಿದ್ದೆ, ಸಂಕೋಚ ಆತು."

ಮೌಲಾಹುಸೇನ ಅವರ ಮುಖವನ್ನೇ ನೋಡಿದ. ಕನ್ನಡಕದ ಎಡಗಾಜು ಇನ್ನೂ ಸೀಳಿದಂತೆಯೇ ಇತ್ತು. ಅವನು ಕೋಲು ಬದಿಗಿಟ್ಟು, ಹೊಸ ಪೊಟ್ಟಣವೊಂದನ್ನು ತಂದು ಅವರ ಮುಂದೆ ಹಿಡಿದ. ಮಾಸ್ತರರು ಜೇಬಿನಿಂದ ಪೆನ್ಸಿಲ್ ತೆಗೆದರು.

"ಬರೀಬ್ಯಾಡ್ರಿ ಮಾಸ್ತರ್ರ," ಎಂದ. "ಬಾಯಿಲೆ ಹೇಳ್ರಿ."